ಚಿನ್ನದ ದಡ ಘಾನಾ ಆದಾಗ

ನಮ್ಮ ಹೆಡ್ ಗುಮಾಸ್ತರ ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಇಪ್ಪತ್ತೈದು ವರ್ಷ ಕಾಗದಗಳ ಮೇಲೆ ಮೊಹರು ಗುದ್ದಿ ಗುದ್ದಿ ಅದು ಹಾಗೆ ಇಳಿದುಬಿಟ್ಟಿತ್ತು. ಮಧ್ಯಾಹ್ನದ ಟಪಾಲು ಚೀಲ ಕಟ್ಟಿ ಕಳಿಸಿದ ಮೇಲೆ ಅವರು ಹಿತ್ತಲಿನ ತೊಟ್ಟಿಯ ಹತ್ತಿರ ಹೋಗಿ, ಮೊಣಕೈವರೆಗೂ ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಐದು ನಿಮಿಷ ಅವರನ್ನು ಯಾರೂ ಕರೆಯುವಂತಿರಲಿಲ್ಲ.

ಬಂಗಾರಪೇಟೆ ಕಡೆಯ ಒಂದು ಸಣ್ಣ ಅಂಚೆ ಕಚೇರಿ ಅದು. ನಾನು ತುಮಕೂರಿನಿಂದ ವರ್ಗವಾಗಿ ಬಂದವನು. ಒಂದೇ ಮಾತಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೆರೆಸಿ ಆಡುವ ಜನರ ನಡುವೆ ಮೊದಲ ವರ್ಷ ನಾನು ಪರದೇಶಿಯ ಹಾಗೇ ಇದ್ದೆ. ಗುಮಾಸ್ತರು ಆ ಮಣ್ಣಿನವರೇ. ಆಂಡರ್ಸನ್‌ಪೇಟೆಯಲ್ಲಿ ಮನೆ. ಬೆಳಿಗ್ಗೆ ಮಾರಿಕುಪ್ಪಂ ರೈಲು ಹಿಡಿದು ಬರುವರು, ಸಂಜೆ ಅದೇ ರೈಲಿಗೆ ವಾಪಸು. ಉಬ್ಬಸ ಇತ್ತು. ರೈಲಿಳಿದು ಕಚೇರಿಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದರು. "ಇವತ್ತೂ ಬಂದ್ಬುಟ್ಟೆ ನೋಡಪ್ಪ," ಎನ್ನುವುದೇ ನನಗೆ ದಿನಾ ಅವರು ಹೇಳುತ್ತಿದ್ದ ನಮಸ್ಕಾರ.

ಅವರ ಮೇಜಿನ ಡ್ರಾಯರಿನಲ್ಲಿ ಹೊಲಿಗೆ ಬಿಟ್ಟ ಒಂದು ಶಾಲೆಯ ಭೂಪಟದ ಪುಸ್ತಕ ಇರುತ್ತಿತ್ತು. ಯಾವ ದೇಶ ಹೆಸರು ಬದಲಾಯಿಸಿದರೂ ಹಳೆಯದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯುತ್ತಿದ್ದರು. ವಾಚನಾಲಯದ ಪತ್ರಿಕೆಗಳಲ್ಲಿ ಹುಡುಕಿ, ಸಿಕ್ಕರೆ, ಆ ಹೆಸರಿನ ಅರ್ಥವನ್ನೂ ಅಂಚಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದರು. ಆಗಿನ್ನೂ ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂದೇ ಬರೆಯುವ ಹಳಬರಿದ್ದರು. ಅಂಥ ಕಾಗದ ಕಂಡು ನಾನು ಗೊಣಗಿದರೆ, "ಬರ್ದೋರ್ಗೆ ಗೊತ್ತಿರೋದು ಆ ಹೆಸ್ರು. ಮುಟ್ಸೋದು ನಮ್ ಕೆಲ್ಸ," ಎನ್ನುತ್ತಿದ್ದರು.

ಐವತ್ತೇಳನೆಯ ಇಸವಿ ಮಾರ್ಚ್ ತಿಂಗಳು. ಗೋಲ್ಡ್ ಕೋಸ್ಟ್ ಎಂಬ ಆಫ್ರಿಕದ ನಾಡು ಸ್ವತಂತ್ರವಾಗಿ ಘಾನಾ ಎಂದು ಹೆಸರಿಟ್ಟುಕೊಂಡಿತ್ತು. ಅದಾದ ಮರುವಾರ ಬೂದಿಕೋಟೆ ರಸ್ತೆ ಕಡೆಯ ಹಳ್ಳಿಯಿಂದ ಒಬ್ಬ ಮುದುಕಿ ಕಾಗದ ಹಾಕಲು ಬಂದಳು. ಅವಳ ಒಬ್ಬನೇ ಮಗ ಇಲ್ಲಿನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕೆಲಸ ಕಲಿತವನು. ಅಲ್ಲಿಂದ ಗೋಲ್ಡ್ ಕೋಸ್ಟಿನ ಚಿನ್ನದ ಗಣಿಗೆ ಹೋದ ಒಬ್ಬ ಇಂಗ್ಲಿಷ್ ಇಂಜಿನಿಯರು ಅವನನ್ನೂ ಕರೆದುಕೊಂಡು ಹೋಗಿದ್ದ. ಹೋಗಿ ಎರಡು ವರ್ಷವಾಗಿತ್ತು.

ಕೌಂಟರಿನ ಮುಂದೆ ಜನ ಮುತ್ತಿದ್ದರು. ನನಗೆ ತಲೆ ಸಿಡಿಯುತ್ತಿತ್ತು. ಲಕೋಟೆಯ ಮೇಲೆ ಹಳೆಯ ಹೆಸರು ಕಂಡದ್ದೇ ಹಿಂದಕ್ಕೆ ತಳ್ಳಿದೆ.

"ಈ ದೇಶ ಈಗ ಇಲ್ಲಮ್ಮ. ಹೋದ ವಾರವೇ ಹೋಯಿತು. ಸರಿಯಾಗಿ ಬರೆಸಿಕೊಂಡು ಬಾ."

"ಓಯ್ತಾ ಸಾಮಿ?"

"ಹೋಯಿತು."

ಹಿಂದಿದ್ದವನನ್ನು ಮುಂದಕ್ಕೆ ಕರೆದೆ. ಅವಳು ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತಿದ್ದು ಕಣ್ಣಂಚಿನಲ್ಲಿ ಕಂಡಿತು. ಆಮೇಲೆ ನೋಡಿದರೆ ಇರಲಿಲ್ಲ.

ನಾಲ್ಕನೆಯ ದಿನ ಅದೇ ಹಳ್ಳಿಯ ಒಬ್ಬ ರೈತ ಕಾರ್ಡು ಕೊಳ್ಳಲು ಬಂದ. "ಸಾಮಿ, ಅದ್ಯಾವ್ದೋ ಚಿನ್ನದ ದಡ ಅಂಬೋ ದೇಶ ಸಮುದ್ರದಾಗ್ ಮುಳುಗೋಯ್ತಂತಲ್ಲ? ನಮ್ಮೂರ್ ಮುದುಕಮ್ಮ ಅನ್ನ ನೀರು ಬುಟ್ಟು ಮಲಗವ್ಳೆ. ಸೊಸೇನ ಕರ್ಕೊಂಡೋಗಕ್ಕೆ ತೌರೋರು ಬಂದವ್ರೆ."

ಮಗ ಹೊರಡುವಾಗ ಹೋಗುವ ದೇಶದ ಹೆಸರನ್ನು ತಾಯಿಗೆ ಕನ್ನಡ ಮಾಡಿ ಹೇಳಿದ್ದನಂತೆ. ದಡ ಹೋಯಿತೆಂದರೆ ಅವಳು ಬೇರೆ ಏನು ತಿಳಿಯಬೇಕು?

ಗುಮಾಸ್ತರು ಮೊಹರನ್ನು ಕೆಳಗಿಟ್ಟರು. "ಯಾರು ಹಂಗಂದಿದ್ದು?"

ನಾನು ಎದ್ದು ನಿಂತೆ. ಅವರು ಬೈಯಲಿಲ್ಲ. ಪೋಸ್ಟ್‌ಮಾಸ್ಟರ ಹತ್ತಿರ ಹೋಗಿ ಇಬ್ಬರಿಗೂ ಅರ್ಧ ದಿನದ ರಜೆ ಕೇಳಿ ಬಂದರು. ನಾಳೆ ಆ ಕಡೆ ಹೋಗುವ ಪೋಸ್ಟ್‌ಮ್ಯಾನ್ ಕೈಲಿ ಹೇಳಿಕಳಿಸಬಹುದು, ಇಲ್ಲ ನಾನೊಬ್ಬನೇ ಹೋಗುತ್ತೇನೆ, ಈ ಬಿಸಿಲಿನಲ್ಲಿ ನಿಮಗೆ ಆಗುವುದಿಲ್ಲ ಎಂದೆ. "ನಿನ್ ಮಾತು ಅವ್ಳು ಇನ್ನ ನಂಬ್ತಾಳೇನಪ್ಪ? ನಡಿ," ಎಂದು ಭೂಪಟದ ಪುಸ್ತಕವನ್ನು ಬಗಲಿಗೆ ಸಿಕ್ಕಿಸಿಕೊಂಡರು.

ನಾಲ್ಕು ಮೈಲಿ. ಫರ್ಲಾಂಗಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಒಂದು ಹೊಂಗೆ ಮರದ ಕೆಳಗೆ ಕೂತೇಬಿಟ್ಟರು. ಅಲ್ಲಿ, ನನ್ನ ಮುಖ ನೋಡದೆ, ತಮ್ಮ ತಂದೆಯ ವಿಷಯ ಹೇಳಿದರು. ತಂದೆ ಗಣಿಯ ಆಳು. ಇವರಿಗೆ ಒಂಬತ್ತು ವರ್ಷವಾಗಿದ್ದಾಗ ಒಳಗೆ ಬಂಡೆ ಸಿಡಿಯಿತು. ಸಾಲುಮನೆಗಳ ಮುಂದೆ ಹೆಂಗಸರೆಲ್ಲ ಕಾಯುತ್ತ ನಿಂತಿದ್ದಾಗ ಸತ್ತವರ ಪಟ್ಟಿ ಹಿಡಿದು ಒಬ್ಬ ಬಂದ.

"ನಮ್ಮಮ್ಮ ಅಪ್ಪನ್ ನಂಬರ್ ಹೇಳಿದ್ಲು. ಆ ನಂಬರ್ ಇಲ್ಲ ಅಂದ್ಬುಟ್ಟು ಮುಂದಿನ್ ಮನೆಗೆ ಹೋದ. ಪಟ್ಟೀಲಿ ಇಲ್ಲ ಅಂದ್ನೋ, ಭೂಮಿ ಮೇಲೇ ಇಲ್ಲ ಅಂದ್ನೋ? ಮೂರ್ ದಿನ ನಮ್ಗೆ ಗೊತ್ತಾಗ್ಲಿಲ್ಲ." ಪುಸ್ತಕವನ್ನು ಮತ್ತೆ ಬಗಲಿಗೆ ಸಿಕ್ಕಿಸಿಕೊಳ್ಳುತ್ತ, "ಅವ್ನೂ ಪಾಪ ಸುಸ್ತಾಗಿದ್ನೋ ಏನೋ," ಎಂದು ಎದ್ದರು.

ಆ ಮನೆಯಲ್ಲಿ ಮುದುಕಿ ಗೋಡೆಯ ಕಡೆ ಮುಖ ಮಾಡಿ ಚಾಪೆಯ ಮೇಲೆ ಮಲಗಿದ್ದಳು. ಇಪ್ಪತ್ತರ ಆಸುಪಾಸಿನ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅವಳ ಅಣ್ಣ ಸೀರೆಗಳನ್ನು ಗಂಟು ಕಟ್ಟುತ್ತಿದ್ದ. ಗುಮಾಸ್ತರು ನೆಲದ ಮೇಲೆ ಕೂತು, ಉಸಿರು ಹದಕ್ಕೆ ಬಂದ ಮೇಲೆ ಕರೆದರು.

"ಅಮ್ಮಾ, ಎದ್ದೇಳು. ದೇಶ ಎಲ್ಲೂ ಓಗಿಲ್ಲ. ಮಣ್ಣು ಅಲ್ಲೇ ಅದೆ, ಗಣಿ ಅಲ್ಲೇ ಅದೆ. ಹೆಸ್ರು ಮಾತ್ರ ಬ್ಯಾರೆ ಮಡಿಕ್ಕಂಡವ್ರೆ."

ಅವಳು ತಿರುಗಿದಳು. ಅವರು ಪುಸ್ತಕ ಬಿಚ್ಚಿ, ಪೆನ್ಸಿಲ್ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದರು. ಓದು ಬಾರದವಳು ಆ ಬೆರಳನ್ನೇ ನೋಡಿದಳು.

"ಯಾಕ್ ಸಾಮಿ ಬ್ಯಾರೆ ಹೆಸ್ರು? ಚಿನ್ನದ ದಡ ಅಂದ್ರೆ ಚೆಂದಾಗೇ ಇತ್ತಲ್ಲ?"

"ಅದು ಅಲ್ಲಿನೋರು ಇಟ್ಕಂಡ ಹೆಸ್ರಲ್ಲಮ್ಮ. ಹಡಗಲ್ಲಿ ಬಂದು ಚಿನ್ನ ತಗಂಡೋದೋರು ಇಟ್ಟಿದ್ದು. ಅವ್ರ ಕಣ್ಗೆ ಜನ ಬೀಳ್ಲಿಲ್ಲ, ಚಿನ್ನ ಬಿತ್ತು. ಈಗ ದೇಶ ಆ ಜನದ ಕೈಗೇ ಬಂತು. ಹಿಂದಿನ್ ಕಾಲ್ದಾಗೆ ಘಾನಾ ಅಂತ ದೊಡ್ಡ ರಾಜ್ಯ ಇತ್ತಂತೆ. ಅದು ಇವ್ರ ನೆಲದಾಗೂ ಅಲ್ಲ, ಬಲು ದೂರ. ಅಲ್ಲಿ ರಾಜನ್ನೇ ಘಾನಾ ಅಂತಿದ್ರಂತೆ, ಯುದ್ಧ ಮಾಡೋ ರಾಜ ಅಂತ ಅರ್ಥ. ಆ ಹೆಸ್ರು ತಂದು ಇಟ್ಕಂಡವ್ರೆ."

ಮುದುಕಿ ಎದ್ದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ರಾಜ ಆದ್ರೇನು, ಬಂಟ ಆದ್ರೇನು ಸಾಮಿ, ನನ್ ಮಗ ಉಂಡವ್ನಾ?"

ಹೌದು ಎಂದುಬಿಡಬಹುದಿತ್ತು. ಅವರು ಹಾಗೆನ್ನಲಿಲ್ಲ. "ಅದು ನಂಗೆ ಗೊತ್ತಿಲ್ಲ ತಾಯಿ. ಕಾಗ್ದ ಹಾಕಿ ಕೇಳಾಣ."

ಅವಳು ತಲೆದಿಂಬಿನ ಕೆಳಗಿನಿಂದ ಅದೇ ಲಕೋಟೆ ತೆಗೆದು ಕೊಟ್ಟಳು. ನಾನು ಹಳೆಯ ಹೆಸರು ಹೊಡೆದು ಘಾನಾ ಎಂದು ಬರೆದೆ. "ತಪ್ಪು ನನ್ನದಮ್ಮ," ಎಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಸೊಸೆ ಬಂದು ಅಣ್ಣನ ಕೈಯಿಂದ ಗಂಟನ್ನು ಕಿತ್ತುಕೊಂಡಳು. "ಕಾಗ್ದ ಬರಗಂಟ ನಾನ್ ಬರಾಕಿಲ್ಲಣ್ಣ. ನೀನ್ ಓಗು."

ಆ ನಡಿಗೆಯ ನಂತರ ಗುಮಾಸ್ತರು ಒಂದು ವಾರ ಕೆಲಸಕ್ಕೆ ಬರಲಿಲ್ಲ. ಬಂದ ಮೇಲೆ ದಿನಾ ಚೀಲ ಬಿಚ್ಚುವಾಗ ಕೈ ಸೋತಿದ್ದರೂ ಪರದೇಶದ ಕಾಗದಗಳನ್ನು ತಾವೇ ಆರಿಸುತ್ತಿದ್ದರು. ಏಪ್ರಿಲ್ ಕಳೆಯಿತು. ಮೇ ತಿಂಗಳೂ ಮುಗಿಯುತ್ತ ಬಂತು. ಮುದುಕಿ ಎರಡು ಸಲ ಬಂದು ಕೌಂಟರಿನ ಮುಂದೆ ನಿಂತು ಹೋದಳು. ಅಂಥ ದಿನ ಅವರು ಮಧ್ಯಾಹ್ನದ ಊಟದ ಡಬ್ಬಿಯನ್ನು ಬಿಚ್ಚದೆ ವಾಪಸು ಒಯ್ಯುತ್ತಿದ್ದರು.

ಜೂನ್ ಮೊದಲ ವಾರ ಕಾಗದ ಬಂತು. ಸ್ಟಾಂಪು ಗೋಲ್ಡ್ ಕೋಸ್ಟಿನ ಹಳೆಯದೇ, ಇಂಗ್ಲಿಷ್ ರಾಣಿಯ ಮುಖದ್ದು, ಅದರ ಮೇಲೆ ಘಾನಾ ಎಂದು ಕಪ್ಪಕ್ಷರದಲ್ಲಿ ಒತ್ತಿದ್ದರು. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. "ನೀನೇ ಹೋಗಿ ಕೊಡಪ್ಪ. ನಂಗಾಗಲ್ಲ." ನಾನು ಅವತ್ತು ಓಡಿದೆ ಎಂದೇ ಹೇಳಬೇಕು. ಅತ್ತೆ ಸೊಸೆಯರಿಗೆ ನಾನೇ ಓದಿ ಹೇಳಿದೆ. ಮಗ ಚೆನ್ನಾಗಿದ್ದ. ಹೊಸ ಹೆಸರು ಬಂದ ದಿನ ಗಣಿಗೆ ರಜೆ ಕೊಟ್ಟರೆಂದೂ, ಊರವರು ಬೆಳಗಿನವರೆಗೂ ಕುಣಿದರೆಂದೂ, ತನಗೂ ಮೈಮೇಲೆ ಅವರ ಬಟ್ಟೆ ಹೊದಿಸಿ ಕುಣಿಸಿದರೆಂದೂ ಬರೆದಿದ್ದ. ಸೊಸೆ ಕೇಳುತ್ತ ಕೇಳುತ್ತ ಒಳಕ್ಕೆ ಹೋಗಿ ಜೋರಾಗಿ ಅತ್ತಳು.

ಅರವತ್ತರ ಆಚೆ ಈಚೆ ಆಫ್ರಿಕದ ದೇಶಗಳು ಒಂದರ ಹಿಂದೊಂದು ಹೆಸರು ಬದಲಾಯಿಸಿದವು. ಭೂಪಟದ ಅಂಚಿನಲ್ಲಿ ಜಾಗ ಉಳಿಯಲಿಲ್ಲ. "ಇನ್ನೂ ಎಷ್ಟವೆಯಪ್ಪ?" ಎಂದು ಕೇಳುತ್ತಲೇ ಅವರು ಪೆನ್ಸಿಲ್ ಕೆತ್ತುತ್ತಿದ್ದರು. ನಿವೃತ್ತರಾದ ಎರಡೇ ವರ್ಷಕ್ಕೆ ಉಬ್ಬಸ ಅವರನ್ನು ಮುಗಿಸಿತು. ಕೌಂಟರಿನ ಆಚೆ ನಿಂತವರ ಮುಖ ನೋಡಿ ಮಾತಾಡುವುದನ್ನು ನಾನು ಕಲಿತಿದ್ದು ಅವರಿಂದ. ಬೇಸತ್ತ ದಿನಗಳಲ್ಲಿ ಅದು ನನಗೆ ಈಗಲೂ ಸುಲಭವಲ್ಲ.

ಅವರು ತೀರಿಕೊಂಡು ತಿಂಗಳಾಗಿತ್ತು. ಬಂಗಾರಪೇಟೆಯ ಸ್ಟೇಷನ್ನಿನಲ್ಲಿ ಆ ಮುದುಕಿ ಸಿಕ್ಕಳು. ಮಗ ರಜೆಗೆ ಬರುತ್ತಾನೆ, ಎದುರುಗೊಳ್ಳಲು ಬಂದಿದ್ದೇನೆ ಎಂದಳು. ಗುಮಾಸ್ತರು ಹೇಗಿದ್ದಾರೆ ಎಂದು ಕೇಳಿದಳು. ಹೇಳಿದೆ. ಅವಳು ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತಳು. ಆಮೇಲೆ ತಲೆ ಎತ್ತಿ ಕೇಳಿದಳು.

"ಇಷ್ಟ್ ವರ್ಸ ಪೋಸ್ಟಿನ ಸಾಮಿ ಅಂತ್ಲೇ ಕೂಗಿದ್ದು. ಅವ್ರ ಹೆಸ್ರೇನಪ್ಪ?"

ಹೇಳಿದೆ. ಮರೆಯದಿರಲೆಂದು ತನ್ನಷ್ಟಕ್ಕೆ ತಾನೇ ಎರಡು ಸಲ ಆ ಹೆಸರನ್ನು ಅಂದುಕೊಂಡಳು. ರೈಲು ಬಂತು. ಅವಳು ಎದ್ದು ಜನರ ನಡುವೆ ಹೋದಳು.