ದೊರೆಸಾನಿ ಗಂಟೆಯ ಜೊತೆ ನಾಗಮಂಗಲಕ್ಕೆ

ಬೆಳಗ್ಗೆ ಆರೂವರೆಯ ಬಸ್ಸಿಗೆ ಮೈಸೂರು ಬಿಟ್ಟೆ. ಬ್ಯಾಗಿನಲ್ಲಿದ್ದದ್ದು ಒಂದು ಟವೆಲು, ಅದರೊಳಗೆ ಸುತ್ತಿದ ಅಮ್ಮನ ಪೂಜೆಯ ಗಂಟೆ, ಅಷ್ಟೇ. ತೊಂಬತ್ತರ ದಶಕದ ನಡುವಿನ ಒಂದು ಡಿಸೆಂಬರ್ ಅದು. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಗಂಟೆಯನ್ನು ನಾಗಮಂಗಲದ ಹಿತ್ತಾಳೆ ಕೆಲಸದವರಿಗೆ ಕೊಟ್ಟು, ಕರಗಿಸಿ, ಬೇರೊಂದು ಗಂಟೆ ಮಾಡಿಸಿಕೊಂಡು ಬಾ ಎಂದು ಅಮ್ಮನ ಅಪ್ಪಣೆಯಾಗಿತ್ತು. ತಪ್ಪು ಮಾತ್ರ ನನ್ನದು.

ಆ ಗಂಟೆ ಅಗಲವಾದ ಲಂಗ ಹರಡಿ ನಿಂತ ಹೆಂಗಸಿನ ಆಕಾರದ್ದು. ಲಂಗವೇ ಗಂಟೆ, ಸೊಂಟದಿಂದ ಮೇಲಿನದು ಹಿಡಿಕೆ. ಅಮ್ಮನ ತವರು ಪಾಂಡವಪುರದಿಂದ ಬಂದದ್ದು. ಮನೆಯ ಹೆಂಗಸರು ಅವಳನ್ನು ಯಾವುದೋ ಅಮ್ಮನವರೆಂದೇ ತಿಳಿದು, ತಲೆಮಾರುಗಳಿಂದ ಹಣೆಗೆ ಕುಂಕುಮ ಇಟ್ಟು ಇಟ್ಟು ಮೂಗೇ ಸವೆದುಹೋಗಿತ್ತು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಿಂದಿನ ಶತಮಾನದ ಇಂಗ್ಲಿಷರ ಮನೆವಾರ್ತೆಯ ಬಗ್ಗೆ ಓದುತ್ತಿದ್ದಾಗ ಅದೇ ಹೆಂಗಸಿನ ಚಿತ್ರ ಕಣ್ಣಿಗೆ ಬಿತ್ತು. ದೊರೆಸಾನಿಯರು ಊಟದ ಮೇಜಿನ ಮೇಲಿಟ್ಟುಕೊಂಡು ಆಳುಗಳನ್ನು ಕರೆಯಲು ಅಲ್ಲಾಡಿಸುತ್ತಿದ್ದ ಗಂಟೆ ಅದು. ಅಮ್ಮನ ಮುತ್ತಾತ ಮುದ್ದಯ್ಯ, ಪಾಂಡವಪುರವನ್ನು ಇಂಗ್ಲಿಷರು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದ ಕಾಲದಲ್ಲಿ, ಅಲ್ಲಿನ ದಂಡಿನ ದೊರೆಯೊಬ್ಬನ ಬಂಗಲೆಯಲ್ಲಿ ಬಟ್ಲರನಾಗಿದ್ದದ್ದು ಮೊದಲೇ ಗೊತ್ತಿತ್ತು. ಎರಡನ್ನೂ ಜೋಡಿಸಿದೆ. ಏನೋ ಸಾಧಿಸಿದವನಂತೆ ಅನ್ನ ಬಡಿಸುತ್ತಿದ್ದ ಅಮ್ಮನಿಗೆ ಹೇಳಿಬಿಟ್ಟೆ.

ಅಮ್ಮ ಸೌಟು ಕೆಳಗಿಟ್ಟಳು. "ನಮ್ ಮುತ್ತಾತುನ್ನ ಓಡುಸ್ತಿದ್ದ ಗಂಟೆನ ನಾನು ದ್ಯಾವ್ರ್ ಮುಂದೆ ಬಾರುಸ್ನಾ? ತಕ್ಕೊಂಡೋಗಿ ಕರಗುಸ್ಬುಡು" ಎಂದಳು.

ಅಂದಿನಿಂದ ಮೂರು ವಾರ ನಮ್ಮ ಮನೆಯಲ್ಲಿ ಗಂಟೆಯ ಸದ್ದಿಲ್ಲ. ದೀಪ ಹಚ್ಚಿ, ಮಂಗಳಾರತಿ ಎತ್ತದೆ, ಕೈಮುಗಿದು ಬಂದುಬಿಡುತ್ತಿದ್ದಳು. ಆ ಸದ್ದಿಲ್ಲದ ಸಂಜೆಗಳಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಇಳಿಯುವ ಅಗತ್ಯವಿರಲಿಲ್ಲ, ಆದರೂ ಇಳಿದೆ. ನಾಗಮಂಗಲ ಆದಷ್ಟು ತಡವಾಗಿ ಬರಲಿ ಎಂಬ ಹಂಚಿಕೆ ಇರಬೇಕು. ಇಡ್ಲಿ ತಿಂದು, ಹೊಳೆಯ ಪಕ್ಕದ ಇಂಗ್ಲಿಷರ ಗೋರಿಗಳ ಕಡೆ ನಡೆದೆ. ಹುಲ್ಲಿನ ಮೇಲೆ ಇನ್ನೂ ಇಬ್ಬನಿಯಿತ್ತು. ಕಲ್ಲುಗಳ ಮೇಲೆ ಅಧಿಕಾರಿಗಳ ಹೆಸರು, ಹೆಂಡಿರ ಹೆಸರು, ಮಕ್ಕಳ ಹೆಸರು. ಅವರಿಗೆ ಅಡಿಗೆ ಮಾಡಿದವನು, ನೀರು ಹೊತ್ತವನು, ಗಾಳಿಗೆ ಪಂಕ ಎಳೆದವನು, ಕೂಸು ಆಡಿಸಿದವಳು, ಒಬ್ಬರ ಹೆಸರೂ ನಾನು ಓದಿದ ಕಲ್ಲುಗಳಲ್ಲಿರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೇ ಹೋದವನಿಗೆ ಯಾಕೆ ಅಷ್ಟು ಸಿಟ್ಟು ಬಂತೋ. ಹತ್ತು ನಿಮಿಷವೂ ನಿಲ್ಲದೆ ಬಸ್ ನಿಲ್ದಾಣಕ್ಕೆ ವಾಪಸಾದೆ.

ಪಾಂಡವಪುರದ ಬಸ್ಸು ಹಳ್ಳಕ್ಕೆ ಬಿದ್ದಾಗಲೆಲ್ಲ ಟವೆಲಿನೊಳಗಿಂದ ಗಂಟೆ ಕಿಣಿ ಕಿಣಿ ಎನ್ನುತ್ತಿತ್ತು. ಚೀಟಿ ಹರಿಯುತ್ತಿದ್ದ ಕಂಡಕ್ಟರು ಬ್ಯಾಗಿನ ಕಡೆ ನೋಡಿ, "ಯಾವ್ ದ್ಯಾವ್ರುನ್ನ ಕರ್ಕೊಂಡ್ ಓಯ್ತಿದ್ದೀರಿ ಸಾ? ಅದುಕ್ಕೂ ಅರ್ಧ ಟಿಕೀಟ್ ಅರೀಲಾ?" ಎಂದ. ಪಕ್ಕದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಕರವಸ್ತ್ರ ತೆಗೆದು ಗಂಟೆಯ ನಾಲಗೆಗೆ ಬಿಗಿಯಾಗಿ ಸುತ್ತಿದೆ.

ಪಾಂಡವಪುರದಲ್ಲಿ ರಸ್ತೆ ತುಂಬ ಕಬ್ಬಿನ ಗಾಡಿಗಳು. ಬಂಗಲೆ ಎಲ್ಲಿತ್ತು ಎಂದು ಟೀ ಅಂಗಡಿಯವನನ್ನು ಕೇಳಿದೆ. "ಬಂಗ್ಲೆನಾ? ನಮ್ಮಪ್ಪುನ್ ಕಾಲುಕ್ಕೇ ಇರ್ನಿಲ್ಲ ಬುಡಿ" ಎಂದು ಅವನು ಲೋಟ ತೊಳೆಯತೊಡಗಿದ. ಆದರೂ ಒಂದು ತಾಸು ಊರು ಸುತ್ತಿದೆ. ಬಂಡೆಗಳ ಬುಡದಲ್ಲಿ ನಿಂತು, ಇಲ್ಲಿ ಊಟದ ಕೋಣೆ, ಅಲ್ಲಿ ದೂರದಲ್ಲಿ ಅಡಿಗೆ ಮನೆ ಎಂದು ಲೆಕ್ಕ ಹಾಕಿದೆ. ಸದ್ದು ಕೇಳಿದೊಡನೆ ಬಿಸಿ ತಟ್ಟೆ ಹಿಡಿದು ಬಿಸಿಲಲ್ಲಿ ಅಷ್ಟು ದೂರ ಓಡಬೇಕಿತ್ತು ಮುದ್ದಯ್ಯ. ಕರಗಿಸುವುದೇ ಸರಿ ಎಂದು ಆಗ ಅನಿಸಿತು.

ಕೆ.ಆರ್. ಪೇಟೆ ಬಸ್ಸಿನಲ್ಲಿ ನಿಂತೇ ಹೋದೆ. ಚಿನಕುರಳಿಯಲ್ಲಿ ಕಲ್ಲು ತುಂಬಿದ ಲಾರಿಯೊಂದು ಅಡ್ಡ ನಿಂತು ಅರ್ಧ ಗಂಟೆ ಹಾಳಾಯಿತು. ಪೇಟೆಯಿಂದ ಆಟೋ ಹಿಡಿದು ಹೊಸಹೊಳಲಿಗೆ ಹೋದೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಇರುವುದು ಅಲ್ಲಿ. ತವರಿನ ವಸ್ತು, ಅವಳಿಗೊಂದು ಮಾತು ಹೇಳದೆ ಕರಗಿಸುವ ಹಾಗಿರಲಿಲ್ಲ. ದೇಶವಿದೇಶದವರು ನೋಡಲು ಬರುವ ಹೊಯ್ಸಳರ ಗುಡಿ ನಾಲ್ಕು ಹೆಜ್ಜೆಯಲ್ಲಿದ್ದರೂ ಅತ್ತ ತಿರುಗಿ ನೋಡಲಿಲ್ಲ.

ಹಸುವಿಗೆ ಹುಲ್ಲು ಹಾಕುತ್ತಿದ್ದ ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, "ನೀನ್ ಓದಿದ್ದು ಎಚ್ಚಾಯ್ತು ಕಣ್ಲಾ" ಎಂದಳು. ರಾಗಿ ಮುದ್ದೆ, ಅವರೆಕಾಳಿನ ಸಾರು ಬಡಿಸಿ ಎದುರಿಗೆ ಕೂತಳು. "ಅಜ್ಜಿ ನನ್ನೊಬ್ಬುಳ್ಗೇ ಯೋಳಿತ್ತು, ಅಕ್ಕುಂಗ್ ಗೊತ್ತಿಲ್ಲ. ದೊರೆ ಊರಿಗೋಗುವಾಗ ನಿಂಗೇನ್ ಬೇಕು ಕೇಳ್ಕೊ ಅಂದ್ನಂತೆ. ಮುತ್ತಾತ ದುಡ್ ಕೇಳ್ನಿಲ್ಲ, ಬಟ್ಟೆ ಕೇಳ್ನಿಲ್ಲ. ಆ ಗಂಟೆ ಕೊಡಿ ಅಂದ್ನಂತೆ."

"ಅದನ್ನೇ ಯಾಕೆ ಕೇಳಿದ?"

"ನಂಗೇನ್ ಗೊತ್ತು? ಮನಿಗ್ ತಂದವ್ನೆ ಮೊದುಲ್ ಮಾಡಿದ್ದು ಅದುರ್ ನಾಲಗೆ ಕಿತ್ತಾಕಿದ್ದಂತೆ. ಅವ್ನು ಸಾಯೋಗಂಟ ಅದು ಸದ್ ಮಾಡ್ನಿಲ್ಲ. ಆಮೇಕೆ ಸೊಸೆ ಬಂದು ಬೇರೆ ನಾಲಗೆ ಆಕ್ಸಿ ಪೂಜೆಗೆ ಇಟ್ಕೊಂಡ್ಳಂತೆ." ಇನ್ನೊಂದು ಸೌಟು ಸಾರು ಹಾಕಿ, "ಅಕ್ಕುಂಗೆ ಬ್ಯಾಡ ಅಂದ್ರೆ ಕರಗುಸು. ನಂಗಂತೂ ಒಟ್ಟೆ ಉರೀತದೆ" ಎಂದಳು.

ನಾಗಮಂಗಲ ತಲುಪಿದಾಗ ಎರಡು ಗಂಟೆ ದಾಟಿತ್ತು. ಹಿತ್ತಾಳೆ ಬಡಿಯುವ ಸದ್ದು ಹಿಡಿದೇ ಬೀದಿ ಹುಡುಕಿದೆ. ಒಂದು ಜಗುಲಿಯ ಮೇಲೆ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮುದುಕರೊಬ್ಬರು ದೀಪದ ಅಂಚನ್ನು ಅರದಿಂದ ಉಜ್ಜುತ್ತಿದ್ದರು. ಒಳಗೆ ಕುಲುಮೆ ಉರಿಯುತ್ತಿತ್ತು. ಗಂಟೆ ಕೊಟ್ಟು, ಅದರ ಕತೆಯನ್ನೆಲ್ಲ ಹೇಳಿ, ಕರಗಿಸಿ ಸಾದಾ ಗಂಟೆ ಮಾಡಿಕೊಡಿ ಎಂದೆ. ಅವರು ಹೆಂಗಸಿನ ಮುಖದ ಕಡೆ ನೋಡಲೇ ಇಲ್ಲ. ನನ್ನ ಕರವಸ್ತ್ರ ಬಿಚ್ಚಿಟ್ಟು, ಗಂಟೆಯನ್ನು ಬೋರಲು ಮಾಡಿ ಬಿಸಿಲಿಗೆ ಹಿಡಿದು ಲಂಗದ ಒಳಗೆ ಬೆರಳಾಡಿಸಿದರು.

"ಇಲ್ನೋಡಿ ಸಾ. ಈ ಮೇಲ್ಗಡೆ ಸಣ್ಣ ಗುರ್ತದಲ್ಲಾ, ಇದು ಮೊದ್ಲು ಇದ್ದ ನಾಲಗೆ ಬಡ್ದಿದ್ದು. ಇತ್ತಾಳೆ ಜಾಸ್ತಿ ಸವ್ದಿಲ್ಲ. ಈಗಿರೋ ನಾಲಗೆ ನಮ್ಮೂರ್ ಕೆಲ್ಸ, ಉದ್ದ ಅದೆ, ಅಂಗಾಗಿ ಕೆಳುಗ್ ಬಡಿತದೆ. ಬೆರ್ಳಿಡಿ ಇಲ್ಲಿ."

ಬೆರಳಿಟ್ಟೆ. ಅಂಚಿನ ಹತ್ತಿರ ಒಂದು ಗುಳಿ; ಬೆರಳ ತುದಿ ಅದರಲ್ಲಿ ಸರಿಯಾಗಿ ಕೂತಿತು. ಎದುರು ಬದಿಯಲ್ಲೂ ಅಂಥದೇ ಇನ್ನೊಂದು.

"ದೊರೆಸಾನಿ ಬಾರ್ಸಿದ್ದು ಎಲ್ಲೋ ಏಳೆಂಟ್ ವರ್ಸ ಇರ್ಬೇಕು. ಮಿಕ್ಕಿದ್ದೆಲ್ಲ ನಿಮ್ ಮನೆಯೋರ್ದೇ" ಎಂದರು. "ಕರಗುಸು ಅಂದ್ರೆ ಕರಗುಸ್ತೀನಿ. ನಾಳಿಕ್ಕೆ ಇದುಕ್ಕಿಂತ ಚೆಂದಾಗಿರೋದ್ ಮಾಡ್ಕೊಡ್ತೀನಿ. ಆದ್ರೆ ಈ ಗುಳಿ ಮಾಡ್ಕೊಡಕ್ಕೆ ನನ್ ಕೈಲಾಗಲ್ಲ."

ಕುಲುಮೆಯನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದೆ. ಗಂಟೆಯನ್ನು ವಾಪಸು ತೆಗೆದುಕೊಂಡೆ. ಅವರು ಮತ್ತೆ ಅರ ಎತ್ತಿಕೊಂಡರು. ಕರವಸ್ತ್ರವನ್ನು ಮತ್ತೆ ಸುತ್ತಲಿಲ್ಲ. ಮೈಸೂರಿನವರೆಗೂ ಪ್ರತಿ ಹಳ್ಳಕ್ಕೂ ಅದು ಸದ್ದು ಮಾಡಿತು, ಜನ ತಿರುಗಿ ನೋಡಿದರು.

ಮನೆ ಮುಟ್ಟಿದಾಗ ಏಳೂಕಾಲು. ದೀಪ ಹಚ್ಚಿಟ್ಟ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅದೇ ಗಂಟೆ ಕಂಡು ಮುಖ ಬಿಗಿಯಿತು. ನಾನು ಪಾಠ ಶುರುಮಾಡಲಿಲ್ಲ. ಮುತ್ತಾತ ನಾಲಗೆ ಕಿತ್ತದ್ದನ್ನು, ಸೊಸೆ ಹಾಕಿಸಿದ್ದನ್ನು, ಆ ನಾಲಗೆ ಬಡಿದು ಬಡಿದೇ ಗುಳಿ ಬಿದ್ದದ್ದನ್ನು ಎರಡು ಮಾತಲ್ಲಿ ಹೇಳಿ, ಅವಳ ಬೆರಳು ಹಿಡಿದು ಗುಳಿಯಲ್ಲಿಟ್ಟೆ. ಅಮ್ಮ ಬಹಳ ಹೊತ್ತು ಅಲ್ಲೇ ಸವರುತ್ತಿದ್ದಳು.

"ಇದ್ರಲ್ಲಿ ನಮ್ಮವ್ವುಂದೆಷ್ಟು, ನಂದೆಷ್ಟು?" ಎಂದು ಕೇಳಿದಳು.

ಗಂಟೆ ತೆಗೆದುಕೊಂಡು ಅವಳು ಒಳಗೆ ಹೋದಳು. ನಾನು ಹಜಾರದಲ್ಲಿ ಕೂತು, ಊದಿದ ಕಾಲಿನಿಂದ ಬೂಟು ಕಳಚುತ್ತಿದ್ದೆ. ಒಂದು ಬೂಟು ಕಳಚಿತ್ತು, ಇನ್ನೊಂದರ ದಾರ ಗಂಟಾಗಿತ್ತು. ಒಳಗೆ ಗಂಟೆ ಬಾರಿಸಿತು. ಚಿಕ್ಕಂದಿನಲ್ಲಿ ಮಂಗಳಾರತಿಗೆ ಆಟ ಬಿಟ್ಟು ಓಡಿ ಬರುತ್ತಿದ್ದಂತೆ, ದಾರ ಹರಿದು ಎದ್ದು ಹೋದೆ.