ಕತ್ತಲೆ ಕೋಣೆಯ ಬಾಚಣಿಗೆ

ಬೆಳಕು ಹರಿಯುತ್ತಲೇ ಊರವರೆಲ್ಲ ಕಿಟಕಿ ತೆರೆಯುತ್ತಾರೆ. ಈ ಡಾಕ್ಟರಮ್ಮ ಮುಚ್ಚುತ್ತಾರೆ. ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧಿ ಉಗ್ರಾಣಕ್ಕೂ ನಡುವೆ ಸಿಕ್ಕಿಹಾಕಿಕೊಂಡಿರುವ ತಲೆನೋವಿನ ವಿಭಾಗದಲ್ಲಿ ಅವರ ದಿನದ ಮೊದಲ ಕೆಲಸವೆಂದರೆ ಕಿಟಕಿಗೆ ದಪ್ಪ ಕಂಬಳಿ ಕಟ್ಟುವುದು. ಆಮೇಲೆ ಕಿರುಗುಟ್ಟುವ ಬಾಗಿಲಿಗೆ ಎರಡು ಹನಿ ಎಣ್ಣೆ. ಫಿನಾಯಿಲ್ ವಾಸನೆಗೇ ಕೆಲವರ ತಲೆ ಸಿಡಿಯುತ್ತದೆ, ಬರೀ ನೀರಲ್ಲಿ ಒರೆಸು ಎಂದು ನೆಲ ಒರೆಸುವವಳಿಗೆ ದಿನಾ ಹೇಳುತ್ತಾರೆ. ಅವಳು ದಿನಾ ತಲೆಯಾಡಿಸುತ್ತಾಳೆ, ದಿನಾ ಮರೆಯುತ್ತಾಳೆ. ಕೊನೆಗೆ ಬಿಳಿ ಕೋಟಿನ ಜೇಬಿನಿಂದ ಹಳೆಯದೊಂದು ಮರದ ಬಾಚಣಿಗೆ ತೆಗೆದು ಮೇಜಿನ ಮೇಲೆ ಕೈಗೆ ಸಿಗುವ ಹಾಗೆ ಇಡುತ್ತಾರೆ. ಸ್ಟೆತಸ್ಕೋಪು ಡ್ರಾಯರಿನಲ್ಲಿ ಎಲ್ಲೋ ಬಿದ್ದಿರುತ್ತದೆ.

ಹೊರಗಿನ ಬೆಂಚಿನ ತುದಿಯಲ್ಲಿ ಅವರ ಅಕ್ಕ ಕೂರುತ್ತಾರೆ. ಒಂದು ಕಾಲದಲ್ಲಿ ಹೊಲಿಗೆ ಟೀಚರು. ಈಗ ಎಡಗಣ್ಣು ಪೂರ್ತಿ ಕತ್ತಲೆ, ಬಲಗಣ್ಣಲ್ಲಿ ಮಬ್ಬು. ಮನೆಯಲ್ಲಿ ಒಬ್ಬರೇ ಕೂತು ಏನು ಮಾಡುವುದು ಎಂದು ತಂಗಿಯ ಜೊತೆ ಬಂದುಬಿಡುತ್ತಾರೆ. ಯಾರ ಫೋನಾದರೂ ಕೂಗಿದರೆ ಅವರು ಬರೀ ಗಂಟಲು ಸರಿಮಾಡಿಕೊಂಡರೂ ಸಾಕು, ಬೆಂಚಿಗೆ ಬೆಂಚೇ ಗಪ್‌ಚುಪ್.

ಇಲ್ಲಿಗೆ ನೆಟ್ಟಗೆ ಬಂದವರು ಕಡಿಮೆ. ಒಬ್ಬರು ತಲೆನೋವಿಗೆಂದು ಗಟ್ಟಿ ಹಲ್ಲು ಕೀಳಿಸಿಕೊಂಡಿರುತ್ತಾರೆ, ಇನ್ನೊಬ್ಬರು ಮೂರು ಸಲ ಕನ್ನಡಕ ಬದಲಾಯಿಸಿರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ. ಕೈ ಮುರಿದರೆ ಕಟ್ಟು ಕಾಣುತ್ತದೆ, ತಲೆನೋವು ಯಾರಿಗೆ ಕಾಣಬೇಕು? ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಮನೆಯವರಿಂದ ಅನ್ನಿಸಿಕೊಂಡೇ ಅರ್ಧ ಜನ ಬಂದಿರುತ್ತಾರೆ. ಆಸ್ಪತ್ರೆಯ ಇತರ ಡಾಕ್ಟರುಗಳೇನು ಕಮ್ಮಿಯೇ? ಹೃದಯದವರಿಗೆ ಹೊಸ ಕಟ್ಟಡ, ಇವರಿಗೆ ‘ಕತ್ತಲೆ ಡಾಕ್ಟರು’ ಎಂಬ ಅಡ್ಡಹೆಸರು.

"ನಾನು ಮಾಡೋದು ಇಷ್ಟೇ," ಎನ್ನುತ್ತಾರೆ ಡಾಕ್ಟರಮ್ಮ. "ಮೊದಲು ನಂಬ್ತೀನಿ. ಆಮೇಲೆ ಕೇಳ್ತೀನಿ."

ಹಾಗೆ ಕೇಳುವುದನ್ನು ಅವರು ಕಲಿತ ಬಗೆ ಮಾತ್ರ ಯಾರಿಗೂ ಬೇಡ. ಚಿಕ್ಕಂದಿನಲ್ಲಿ ಅಕ್ಕ ಮೈಗ್ರೇನಿನಿಂದ ಗೋಡೆಗೆ ತಲೆ ಒತ್ತಿಕೊಂಡು ನರಳುವುದನ್ನು ನೋಡಿಯೇ ಅವರು ಈ ವಿದ್ಯೆಗೆ ಬಿದ್ದದ್ದು. ಅರವತ್ತು ದಾಟಿದ ಮೇಲೆ ಅಕ್ಕನಿಗೆ ಮತ್ತೆ ತಲೆನೋವು ಹತ್ತಿತು. ಬಾಚಿಕೊಂಡರೆ ಕಣ್ಣು-ಕಿವಿ ನಡುವಿನ ಕಣತಲೆ ಉರಿಯುತ್ತದೆ, ಅಗಿದರೆ ದವಡೆ ಸೋಲುತ್ತದೆ ಎಂದು ಫೋನಿನಲ್ಲಿ ಹೇಳಿದರು. ಕಣತಲೆಯ ರಕ್ತನಾಳ ಊದಿಕೊಳ್ಳುವ ಕಾಯಿಲೆಗೆ ಇವೆರಡೂ ಗುರುತು. ಕೂಡಲೇ ಔಷಧಿ ಬೀಳದಿದ್ದರೆ ಕಣ್ಣೇ ಹೋಗುತ್ತದೆ. ವಿದ್ಯಾರ್ಥಿಗಳಿಗೆ ಇದೇ ಪಾಠ ಹೇಳುತ್ತಿದ್ದ ತಂಗಿ ಅಂದು ನಕ್ಕುಬಿಟ್ಟರು. ಹಳೇ ಮೈಗ್ರೇನೇ ಕಣಕ್ಕಾ, ಹಲ್ಲಿನ ಡಾಕ್ಟರಿಗೂ ಒಮ್ಮೆ ತೋರಿಸು, ಮಾತ್ರೆ ನುಂಗಿ ಪರದೆ ಎಳೆದು ಮಲಗು ಎಂದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ತಂಗಿ ಹೇಳಿದ ಹಾಗೆಯೇ ಅಕ್ಕ ಕತ್ತಲೆಯಲ್ಲಿ ಮಲಗಿದರು. ಆ ಕತ್ತಲೆಯಲ್ಲಿ ಎಡಗಣ್ಣು ಯಾವಾಗ ಹೋಯಿತೋ ಅವರಿಗೇ ತಿಳಿಯಲಿಲ್ಲ. "ಪರದೆ ಸರಿಸಿದ ಮೇಲೇ ಗೊತ್ತಾಗಿದ್ದು," ಎನ್ನುತ್ತಾರೆ ಡಾಕ್ಟರಮ್ಮ. "ನಾನೇ ಎಳೆಸಿದ ಪರದೆ." ಬಲಗಣ್ಣನ್ನು ಔಷಧಿ ಹೇಗೋ ಉಳಿಸಿತು. ಆದರೆ ವರ್ಷಗಟ್ಟಲೆ ತೆಗೆದುಕೊಂಡ ಅದೇ ಔಷಧಿ ಈಗ ಆ ಕಣ್ಣಿಗೂ ಪೊರೆ ಕಟ್ಟಿಸುತ್ತಿದೆ. ಮೇಜಿನ ಮೇಲಿನ ಬಾಚಣಿಗೆ ಅಕ್ಕನದೇ.

ಇವತ್ತು ಅಜ್ಜಿಯೊಬ್ಬರನ್ನು ಸೊಸೆ ಕರೆತಂದಿದ್ದಾಳೆ. ಹಳೇ ತಲೆನೋವೇ, ಹಳೇ ಮಾತ್ರೆಯನ್ನೇ ಬರೆದುಕೊಡಿ, ಬಸ್ಸಿಗೆ ಹೊತ್ತಾಯಿತು ಎಂಬುದು ಅವಳ ಅವಸರ. ಡಾಕ್ಟರಮ್ಮ ಬಾಚಣಿಗೆ ಮುಂದೆ ಚಾಚುತ್ತಾರೆ. ಈ ವಯಸ್ಸಿನಲ್ಲಿ ಇದೆಂಥ ಸಿಂಗಾರವೆಂದು ಅಜ್ಜಿಗೆ ನಗು. ನಗುತ್ತಲೇ ಬಾಚಣಿಗೆ ಎತ್ತುತ್ತಾರೆ, ಕಣತಲೆಯ ಹತ್ತಿರ ಬರುತ್ತಲೇ ಕೈ ನಿಂತುಬಿಡುತ್ತದೆ.

"ಅಗಿಯೋವಾಗ ದವಡೆ ನೋಯತ್ತಾ, ಅಜ್ಜಿ?"

"ಹೂಂ ಕಣಮ್ಮ. ಅರ್ಧಕ್ಕೇ ಸುಸ್ತಾಗಿ ತಟ್ಟೆ ಸರಿಸಿಬಿಡ್ತೀನಿ. ಹಲ್ಲು ಅಂದ್ಕೊಂಡಿದ್ದೆ."

ಡಾಕ್ಟರಮ್ಮ ರಕ್ತಪರೀಕ್ಷೆಗೆ ಬರೆಯುತ್ತಾರೆ, ಅದರ ವರದಿಗೆ ಕಾಯದೆ ಕೂತಲ್ಲೇ ಔಷಧಿ ಶುರು ಮಾಡಿಸುತ್ತಾರೆ, ವಾರ್ಡಿಗೆ ಸೇರಿಸಿ ಎನ್ನುತ್ತಾರೆ. ತಲೆನೋವಿಗೆ ಬಂದರೆ ಮಂಚ ಹತ್ತಿಸುತ್ತಾರಲ್ಲ ಎಂದು ಸೊಸೆ ಗೊಣಗುತ್ತಲೇ ಹೋಗುತ್ತಾಳೆ. ಅಜ್ಜಿಗೆ ಕಣ್ಣು ಉಳಿದರೆ ಅದು ಯಾರಿಗೂ ಸುದ್ದಿಯಾಗುವುದಿಲ್ಲ. ಹೋಗದೇ ಉಳಿದ ಕಣ್ಣಿಗೆ ಯಾರು ತಾನೇ ಉಪಕಾರ ಸ್ಮರಿಸುತ್ತಾರೆ?

ಮಧ್ಯಾಹ್ನ ಬೆಂಚು ಖಾಲಿಯಾದಾಗ ಅಕ್ಕತಂಗಿಯರು ಪಕ್ಕಪಕ್ಕ ಕೂತು ಊಟದ ಡಬ್ಬಿ ಬಿಚ್ಚುತ್ತಾರೆ. ಅಕ್ಕನ ಕೈ ಮುಚ್ಚಳಕ್ಕಾಗಿ ಬೆಂಚಿನ ಮೇಲೆ ತಡಕಾಡುತ್ತದೆ. ತಂಗಿ ಅದನ್ನು ಸದ್ದಿಲ್ಲದೆ ಹತ್ತಿರ ಸರಿಸುತ್ತಾರೆ. ಏನಾದರೂ ಆಸೆ ಇದೆಯೇ, ದೊಡ್ಡ ಕೋಣೆ, ಇನ್ನೊಬ್ಬ ಡಾಕ್ಟರು ಎಂದು ಕೇಳಿದರೆ ಡಾಕ್ಟರಮ್ಮ ಅಕ್ಕನ ಕಡೆ ತಿರುಗುತ್ತಾರೆ.

"ಅಕ್ಕ ಒಂದ್ಸಲ ನನ್ನ ಬೈದುಬಿಡ್ಲಿ. ಇಷ್ಟು ವರ್ಷ ಆಯ್ತು, ಒಂದು ಮಾತೂ ಆಡಿಲ್ಲ. ಅದೊಂದೇ ತಡೆಯಕ್ಕಾಗಲ್ಲ."

ಅಕ್ಕ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ಮುಗಿಸುತ್ತಾರೆ.

"ಬೈದ್ರೆ ನಿನ್ನ ಮನಸ್ಸು ಹಗುರಾಗತ್ತೆ ಕಣೇ," ಎನ್ನುತ್ತಾರೆ. "ಆಮೇಲೆ ಬಾಚಣಿಗೆ ತರೋದು ಮರ್ತುಬಿಡ್ತೀಯ."