ನಮ್ಮತ್ತೆ ತೆಗೆದ ಸಿನಿಮಾ

ಓದದೇ ಇರುವ ಪುಸ್ತಕದ ಬಗ್ಗೆ ಗತ್ತಿನಿಂದ ಮಾತಾಡುವವರನ್ನು ಕಂಡರೆ ನಿಮಗೆ ಮೈ ಉರಿಯುತ್ತದೆಯೆ? ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿಬಿಡಿ. ತಮಿಳಿನ ಒಂದು ಐತಿಹಾಸಿಕ ಕಾದಂಬರಿಯ ವಿಷಯದಲ್ಲಿ ನಾವಿರುವ ಈ ಪರದೇಶದ ಸ್ಯಾನ್ ಮಟಿಯೋದಿಂದ ಲಿವರ್‌ಮೋರ್‌ವರೆಗೆ ನನ್ನಂಥ ಪಂಡಿತ ಇನ್ನೊಬ್ಬನಿಲ್ಲ ಎಂದು ಹದಿನಾರು ವರ್ಷ ನಂಬಿಕೊಂಡು ಬಂದವನು ನಾನು. ಬೋರ್ಡಿನ ಮೇಲಿನ ಅಕ್ಷರ ತಮಿಳಿನದು ಎಂದು ಗುರುತಿಸುವಷ್ಟಕ್ಕೆ ನನ್ನ ತಮಿಳು ವಿದ್ಯೆ ಮುಗಿಯುತ್ತದೆ. ಆದರೆ ಪಾಂಡಿತ್ಯಕ್ಕೂ ಅಕ್ಷರಕ್ಕೂ ಅಂಥ ಸಂಬಂಧವೇನೂ ಇಲ್ಲ ಎಂಬುದನ್ನು ನೀವೂ ಗಮನಿಸಿರಬಹುದು.

ಪುಸ್ತಕ ನಮ್ಮ ಮನೆಯಲ್ಲೇ ಇದೆ. ಮೂರು ಸಂಪುಟ. ಅಂಗಡಿಯಲ್ಲಿ ಕೊಂಡದ್ದಲ್ಲ, ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ ಆ ಪುಟಗಳನ್ನಷ್ಟೇ ಜೋಪಾನವಾಗಿ ಬಿಡಿಸಿಕೊಂಡು, ಬೆಂಗಳೂರಿನ ಶ್ರೀರಾಮಪುರದಲ್ಲಿ ಕೆಂಪು ಕ್ಯಾಲಿಕೊ ಬಟ್ಟೆ ಹಾಕಿಸಿ ಬೈಂಡ್ ಮಾಡಿಸಿದ್ದು. ಹೀಗಾಗಿ ಯುದ್ಧದ ಮಧ್ಯೆ ಕೂದಲೆಣ್ಣೆಯ ಜಾಹೀರಾತು ಬರುತ್ತದೆ, ರಾಜದ್ರೋಹದ ಬೆನ್ನಿಗೆ ಅರ್ಧ ಅಡುಗೆ ವಿಧಾನ. ಈ ಆಸ್ತಿ ನನ್ನ ಅತ್ತೆಯವರದು. ನನ್ನ ಹೆಂಡತಿ ಹೇಮಾ ಮನೆಯಲ್ಲಿ ತಮಿಳು ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತ ಬೆಂಗಳೂರಿನವಳು. ಅವಳಿಗೂ ತಮಿಳು ಓದಲು ಬಾರದು. ಅಂತೂ ಮನೆಯಲ್ಲಿ ಆ ಮೂರು ಸಂಪುಟಗಳಿಗೆ ಇರುವುದು ಒಬ್ಬರೇ ಓದುಗರು, ಅವುಗಳ ಬಗ್ಗೆ ಮಾತಾಡುವವನು ಮಾತ್ರ ನಾನು.

ಇದು ಹೇಗಾಯಿತೆಂದು ಹೇಳುತ್ತೇನೆ. ಅತ್ತೆಯವರ ಮನೆಯ ಪದ್ಧತಿಯಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡುವುದೂ ಕಡಿಮೆ. ಮದುವೆಯಾದ ಮೇಲೆ ಎಷ್ಟೋ ವರ್ಷ ನಾನು ಅವರ ಬಾಯಿಂದ ಕೇಳಿದ್ದು "ಮಾಪ್ಳೆಗೆ ಇನ್ನೊಂದ್ಲೋಟ ಕಾಫಿ ಬೇಕಾ ಕೇಳೇ" ಎಂಬ ವಾಕ್ಯವನ್ನು ಮಾತ್ರ. ಮಾಪ್ಳೆ, ಅಂದರೆ ಅಳಿಯನಾದ ನಾನು, ಎರಡಡಿ ದೂರದಲ್ಲೇ ಕೂತಿರುತ್ತಿದ್ದೆ. ಹೇಮಾ ಕೇಳಬೇಕು, ನಾನು ಹೇಮಾಳಿಗೆ ಹೇಳಬೇಕು, ಅವಳು ಅಮ್ಮನಿಗೆ ಹೇಳಬೇಕು. ಅಷ್ಟರಲ್ಲಿ ಕಾಫಿ ಆರಿರುತ್ತಿತ್ತು.

ಹದಿನಾರು ವರ್ಷದ ಹಿಂದೆ ಅವರು ಬೆಂಗಳೂರಿನಿಂದ ಬಾಣಂತನಕ್ಕೆಂದು ನಮ್ಮಲ್ಲಿಗೆ ಬಂದರು. ಬಂದ ಹತ್ತೇ ದಿನಕ್ಕೆ, ತಿಂಗಳು ತುಂಬುವ ಮೊದಲೇ, ಹೇಮಾಳಿಗೆ ತೊಂದರೆ ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಬೇಕಾಯಿತು. ಹಾಸಿಗೆ ಬಿಟ್ಟು ಏಳಕೂಡದು ಎಂದರು. ಐದು ವಾರ. ನಾನು ಪ್ರತಿ ಸಂಜೆ ಆಫೀಸು ಮುಗಿಸಿ, ಮನೆಗೆ ಬಂದು, ಅತ್ತೆಯವರನ್ನು ಕೂರಿಸಿಕೊಂಡು ಫ್ರೀವೇ ಹಿಡಿಯುತ್ತಿದ್ದೆ. ಹೋಗುವಾಗ ನಲವತ್ತು ನಿಮಿಷ, ಬರುವಾಗ ನಲವತ್ತು ನಿಮಿಷ. ಮಧ್ಯಸ್ಥಗಾರ್ತಿ ಆಸ್ಪತ್ರೆಯಲ್ಲಿ, ಕಾರಿನಲ್ಲಿ ನಾವಿಬ್ಬರೇ. ಮೂರು ದಿನ ಇಂಡಿಕೇಟರಿನ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಾಲ್ಕನೆಯ ದಿನ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು, ಕನ್ನಡ ತಮಿಳು ಎರಡನ್ನೂ ಕಲಸಿ, ಯಾರಿಗೋ ಹೇಳುವಂತೆ ಶುರು ಮಾಡಿದರು: "ಒಂದೂರಲ್ಲಿ ಒಂದು ದೊಡ್ಡ ಕೆರೆ. ಆ ಕೆರೆ ಕಾಯೋನಿಗೆ ಒಬ್ಳು ಮಗಳು, ತಾಮರೈ ಅಂತ."

ಅದೇ ಕಾದಂಬರಿ. ರಾಜ, ದಳಪತಿ, ಗೂಢಚಾರ, ಸನ್ಯಾಸಿಯ ವೇಷದ ಇನ್ನೊಬ್ಬ ಗೂಢಚಾರ, ಎಲ್ಲರೂ ಅದರಲ್ಲಿದ್ದರು. ಕೇಳುತ್ತ ಕೇಳುತ್ತ ನಾನು ಮನಸ್ಸಿನಲ್ಲೇ ಸಿನಿಮಾ ತೆಗೆಯತೊಡಗಿದೆ. ಕಾದಂಬರಿಯನ್ನು ತೆರೆಗೆ ತರುವ ನಿರ್ದೇಶಕರ ಬಗ್ಗೆ ನನಗೆ ಕನಿಕರವಿರುವುದು ಇದಕ್ಕೇ. ಪಾಪ, ಅವರು ಕ್ಯಾಮೆರಾ ಹೊರುವ ಹೊತ್ತಿಗೆ ಸಾವಿರಾರು ಜನ ಅದೇ ಕಥೆಯ ಚಿತ್ರೀಕರಣ ಮುಗಿಸಿ, ತಮ್ಮ ತಮ್ಮ ತಲೆಯಲ್ಲಿ ಬಿಡುಗಡೆಯನ್ನೂ ಮಾಡಿಕೊಂಡಿರುತ್ತಾರೆ. ನನ್ನ ಚಿತ್ರದಲ್ಲಿ ಕೆರೆ ಎಂದರೆ ಮೈಸೂರಿನ ಕುಕ್ಕರಹಳ್ಳಿ ಕೆರೆ. ಹುಟ್ಟೂರಿನದು, ಬೇರೆ ಕೆರೆ ನನಗೆ ಅಷ್ಟು ಪರಿಚಯವಿಲ್ಲ. ದಳಪತಿಗೆ ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರ ಮೀಸೆ. ರಾಜನ ಕಿರೀಟ ಕ್ಯಾಲೆಂಡರಿನ ದೇವರದು. ತಾಮರೈಗೆ ಹೇಮಾಳ ಮುಖ. ಇದನ್ನು ನಾನು ಆರಿಸಿದ್ದಲ್ಲ. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಬೇರೆ ಮುಖವೇ ಇರಲಿಲ್ಲ.

ಐದನೆಯ ವಾರದ ಒಂದು ಸಂಜೆ ಡಾಕ್ಟರು ನಮ್ಮನ್ನು ಕಾರಿಡಾರಿಗೆ ಕರೆದು, ಇನ್ನೆರಡು ದಿನ ಕಳೆಯಲಿ, ತಾಯಿ ಮಗು ಇಬ್ಬರ ವಿಷಯದಲ್ಲೂ ಈಗಲೇ ಏನೂ ಹೇಳಲಾರೆ ಎಂದರು. ನಾವು ಕಾರು ಹತ್ತಿದೆವು. ನನಗೆ ಭಯವಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಸುಮ್ಮನಿರಲಾಗದೆ ಕೇಳಿದೆ, "ಆಮೇಲೆ ಏನಾಯ್ತು ಅತ್ತೆ?"

ಕಥೆ ಸರಿಯಾಗಿ ಕೊನೆಗೆ ಬಂದಿತ್ತು. ಶತ್ರು ಸೈನ್ಯ ಕೆರೆ ಏರಿಯ ಕೆಳಗೆ ಬೀಡು ಬಿಟ್ಟಿದೆ. ಕೆರೆ ತುಂಬಿ ನಿಂತಿದೆ. ತಳದಲ್ಲಿರುವ ತೂಬು ತೆರೆಯುವ ಗುಟ್ಟು ಬಲ್ಲವಳು ತಾಮರೈ ಒಬ್ಬಳೇ. ಅವಳು ಧುಮುಕುತ್ತಾಳೆ, ತೂಬು ತೆರೆಯುತ್ತಾಳೆ, ಸೈನ್ಯ ಕೊಚ್ಚಿಹೋಗುತ್ತದೆ, ನೀರು ಅವಳನ್ನೂ ಸೆಳೆಯುತ್ತದೆ. ಅಲ್ಲಿ ಅತ್ತೆ ನಿಲ್ಲಿಸಿದರು. ಒಂದು ಎಕ್ಸಿಟ್ ದಾಟಿತು, ಎರಡು ದಾಟಿತು, ಮೂರು ದಾಟಿತು. ವಯಸ್ಸಾಯಿತು, ಮರೆತಿದ್ದಾರೆ ಎಂದುಕೊಂಡೆ. ಆಮೇಲೆ ಅವರೆಂದರು, "ಅಷ್ಟರಲ್ಲಿ ಒಂದು ತಾಳೆಮರದ ದಿಮ್ಮಿ ತೇಲ್ಕೊಂಡು ಬಂತು ಮಾಪ್ಳೆ."

ತಾಮರೈ ದಿಮ್ಮಿ ಹಿಡಿದಳು. ಮೂರು ಊರು ದಾಟಿ ದಡ ಸೇರಿದಳು. ಅಲ್ಲೊಬ್ಬ ಮುದುಕಿ ಯಾರು ಏನು ಎಂದು ಕೇಳದೆ, ಸೆರಗಿನಿಂದ ತಲೆ ಒರೆಸಿ, ಮೊಸರನ್ನ ಕಲಸಿ, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ ಹಾಕಿ ತಿನ್ನಿಸಿದಳು. ಅನುಮಾನ ಬರಬೇಕಾಗಿದ್ದದ್ದು ನನಗೆ ಇಲ್ಲಿ. ಮೂರು ಸಂಪುಟಗಳುದ್ದಕ್ಕೂ ಯಾರೊಬ್ಬರೂ ಒಂದು ತುತ್ತು ತಿಂದಿರಲಿಲ್ಲ. ಐತಿಹಾಸಿಕ ಕಾದಂಬರಿಯ ಜನ ಕುದುರೆ ಓಡಿಸುತ್ತಾರೆಯೇ ಹೊರತು ಊಟಕ್ಕೆ ಕೂರುವುದಿಲ್ಲ. ಆದರೆ ನನಗೆ ಅನುಮಾನ ಬರಲಿಲ್ಲ. ಹಸಿವೆ ಆಯಿತು. ಎಷ್ಟೋ ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡೆ.

ಮೂರನೆಯ ದಿನ ಇಳಾ ಹುಟ್ಟಿದಳು. ತಾಯಿಯೂ ಉಳಿದಳು. ಮಗುವನ್ನು ಎತ್ತಿಕೊಂಡು ಲಿವರ್‌ಮೋರಿನ ಗುಡ್ಡದ ದೇವಸ್ಥಾನಕ್ಕೆ ಹೋಗಿ ಅರ್ಚನೆ ಮಾಡಿಸಿಕೊಂಡು ಬಂದೆವು. ಅತ್ತೆ ಹಿಂತಿರುಗಿದರು, ಕೆಲವು ವರ್ಷದ ನಂತರ ನಮ್ಮ ಜೊತೆಗೇ ಇರಲು ಬಂದರು. ಆಮೇಲೂ ನಾನು ಉಣ್ಣುವಾಗ ಅಡುಗೆಮನೆಯ ಬಾಗಿಲಿನ ಹತ್ತಿರ ನಿಂತೇ ಇರುತ್ತಿದ್ದರು.

ಅದೇ ಕಾದಂಬರಿ ಸಿನಿಮಾ ಆಗುತ್ತದೆಂಬ ಸುದ್ದಿ ಬಂದದ್ದೇ ತಡ, ಆಫೀಸಿನಲ್ಲಿ ನನಗೆ ಸುಗ್ಗಿ. ಸೆಂದಿಲ್ ಎಂಬ ನನ್ನ ಸಹೋದ್ಯೋಗಿ ಮದುರೆಯವನಾದರೂ ಇಂಗ್ಲಿಷ್ ಶಾಲೆಯಲ್ಲಿ ಓದಿದವನು, ಮೂಲ ಮುಟ್ಟಿದವನಲ್ಲ. ಅವನಿಗೆ ಲಂಚ್ ಹೊತ್ತಿನಲ್ಲಿ ನಾನು ಪಾಠ ಮಾಡತೊಡಗಿದೆ. ಯಾವ ಪಾತ್ರ ಬಿಡಬಹುದು, ಯಾವುದನ್ನು ಬಿಡಕೂಡದು, ಮೂರು ಸಂಪುಟವನ್ನು ಮೂರು ಗಂಟೆಗೆ ಇಳಿಸುವುದು ಹೇಗೆ. "ಏನು ಬೇಕಾದ್ರೂ ಕತ್ತರಿಸಲಿ ಸೆಂದಿಲ್, ಆ ಮುದುಕಿ ಮೊಸರನ್ನ ಕೊಡೋ ಸೀನು ಮಾತ್ರ ಮುಟ್ಟಬಾರ್ದು. ಇಡೀ ಕಾದಂಬರಿಯ ಜೀವ ಅದು!" ಎಂದೆ. ಅವನು ತಲೆಯಾಡಿಸಿ ನಂಬಿದ. ಒಬ್ಬ ತಮಿಳನಿಗೆ ಅವನದೇ ಸಾಹಿತ್ಯ ಕಲಿಸುವ ಕನ್ನಡಿಗನ ಸುಖ ಎಂಥದು ಎಂದು ನೀವು ಊಹಿಸಿಕೊಳ್ಳಬಹುದು.

ಸಿನಿಮಾ ಬಂತು. ಶನಿವಾರ ಮಧ್ಯಾಹ್ನದ ಆಟಕ್ಕೆ ನಾನು, ಹೇಮಾ, ಇಳಾ ಹೊರಟೆವು. ಸೆಂದಿಲ್ ಊರಿಂದ ಬಂದಿದ್ದ ತನ್ನ ತಾಯಿಯನ್ನು ಕರೆತಂದಿದ್ದ. ಅತ್ತೆ ಮಾತ್ರ ಬರಲಿಲ್ಲ. ಮೂರು ಗಂಟೆ ಮಂಡಿ ಮಡಚಿ ಕೂರಲಾಗುವುದಿಲ್ಲ ಎಂದರು. "ನಾನು ಆಗ್ಲೇ ನೋಡಿದೀನಿ ಅದನ್ನ" ಎಂದೂ ಸೇರಿಸಿದರು.

ಚಿತ್ರ ಭರ್ಜರಿಯಾಗಿತ್ತು. ಕೆರೆ ಕುಕ್ಕರಹಳ್ಳಿಯಷ್ಟು ಚೆನ್ನಾಗಿರಲಿಲ್ಲ, ಅದು ಬೇರೆ ಮಾತು. ತಾಮರೈ ಧುಮುಕಿದಳು, ತೂಬು ತೆರೆದಳು, ನೀರು ಅವಳನ್ನು ಸೆಳೆಯಿತು. ನಾನು ಸೀಟಿನ ತುದಿಗೆ ಬಂದು ದಿಮ್ಮಿಗಾಗಿ ಕಾದೆ. ದಿಮ್ಮಿ ಬರಲಿಲ್ಲ. ಬೆಳಗಾಯಿತು, ತಿಳಿಯಾದ ನೀರಿನ ಮೇಲೆ ಅವಳ ಸೆರಗು ತೇಲಿತು, ದಳಪತಿ ಮೊಣಕಾಲೂರಿದ. "ಏಯ್, ತಪ್ಪು!" ಎಂದು ನಾನು ಕನ್ನಡದಲ್ಲಿ ಕೂಗಿದ್ದು ಇಡೀ ಥಿಯೇಟರಿಗೆ ಕೇಳಿಸಿತು. ಇಳಾ ಸೀಟಿನಲ್ಲಿ ಕೆಳಕ್ಕೆ ಜಾರಿ ಮಾಯವಾದಳು.

ಪಾರ್ಕಿಂಗಿನಲ್ಲಿ ಹತ್ತು ನಿಮಿಷ ನಿರ್ದೇಶಕನನ್ನು ತರಾಟೆಗೆ ತೆಗೆದುಕೊಂಡೆ. ಸೆಂದಿಲನ ತಾಯಿ ಸೌಜನ್ಯದಿಂದ ಎಲ್ಲವನ್ನೂ ಕೇಳಿಸಿಕೊಂಡು, ನನಗೂ ಅರ್ಥವಾಗುವಷ್ಟು ನಿಧಾನವಾಗಿ ತಮಿಳಿನಲ್ಲಿ ಹೇಳಿದರು: ಪುಸ್ತಕದಲ್ಲೂ ಅವಳು ಸಾಯುತ್ತಾಳೆ ತಂಬಿ. ಆ ವಾರದ ಸಂಚಿಕೆ ಬಂದ ದಿನ ನಮ್ಮ ಬೀದಿಯ ಹೆಂಗಸರೆಲ್ಲ ಅತ್ತಿದ್ದೆವು. ಮುದುಕಿ? ಯಾವ ಮುದುಕಿ? ಅಂಥವಳು ಯಾರೂ ಅದರಲ್ಲಿ ಇಲ್ಲವಲ್ಲ.

ಸೆಂದಿಲ್ ನನ್ನನ್ನು ನೋಡಿದ. ನಾನು ಕಾರಿನ ಬೀಗದ ಕೈ ಹುಡುಕತೊಡಗಿದೆ.

ಬರುವ ದಾರಿ ಅದೇ ಫ್ರೀವೇ. ಹೇಮಾಳಿಗೂ ಇಳಾಗೂ ಆ ಸಂಜೆಯ ಕಥೆ ಹೇಳಿದೆ: ಡಾಕ್ಟರ ಮಾತು, ಮೂರು ಎಕ್ಸಿಟ್ ದಾಟುವವರೆಗಿನ ಮೌನ, ತಾಳೆಮರದ ದಿಮ್ಮಿ. "ಸೋ ಪಾಟಿ ಜಸ್ಟ್ ಮೇಡ್ ಇಟ್ ಅಪ್?" ಎಂದಳು ಇಳಾ ಹಿಂದಿನ ಸೀಟಿನಿಂದ; ಅಜ್ಜಿ ಅವಳಿಗೆ ಪಾಟಿ. ಹೇಮಾ ಕಣ್ಣೊರೆಸಿಕೊಂಡಳು. ಆಮೇಲೆ, "ರೀ, ಅಮ್ಮನ ಹತ್ರ ಇದನ್ನೆಲ್ಲ ಕೆದಕ್ಬೇಡಿ, ನೊಂದ್ಕೋತಾಳೆ" ಎಂದಳು.

ನಮ್ಮ ಮೈಸೂರಿನ ಬೀದಿಗೆ ಬರುತ್ತಿದ್ದ ಹರಿಕಥೆ ದಾಸರೊಬ್ಬರು ನೆನಪಾದರು. ಮದುವೆ ಮನೆಯಲ್ಲಿ ಕಥೆ ಮಾಡುವಾಗ ಅವರು ಅಗಲಿಕೆಯ ಭಾಗಕ್ಕೆ ಕಾಲಿಡುತ್ತಲೇ ಇರಲಿಲ್ಲ. ತಾಳ ಬಡಿದು, ಒಂದೇ ಹಾಡಿನಲ್ಲಿ ವನವಾಸ ಮುಗಿಸಿ, ಪಟ್ಟಾಭಿಷೇಕ ಮಾಡಿಸಿ ಮಂಗಳ ಹಾಡುತ್ತಿದ್ದರು. ಅದನ್ನು ಯಾರೂ ಸುಳ್ಳೆನ್ನಲಿಲ್ಲ. ದಾಸರಿಗೆ ಕಥೆ ಎಷ್ಟು ಗೊತ್ತಿತ್ತೋ ಎದುರಿಗೆ ಕೂತವರು ಯಾರೆಂಬುದೂ ಅಷ್ಟೇ ಗೊತ್ತಿತ್ತು. ಅತ್ತೆಯವರ ಎದುರಿಗೆ ಅಂದು ಕೂತಿದ್ದವನು ಒಬ್ಬನೇ, ಅವನೂ ಅಳುಕಿನಿಂದ ಕಾರು ಓಡಿಸುತ್ತಿದ್ದ. ಜೊತೆಗೆ ಆಸ್ಪತ್ರೆಯಲ್ಲಿ ಮಲಗಿದ್ದವಳು ಅವರ ಮಗಳು. ದಿಮ್ಮಿ ಬೇಕಾಗಿದ್ದದ್ದು ನನಗೊಬ್ಬನಿಗೇ ಅಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆ ತಟ್ಟೆ ಇಟ್ಟು ಬಾಗಿಲ ಹತ್ತಿರ ನಿಂತರು.

"ಹೇಗಿತ್ತು ಮಾಪ್ಳೆ ಪಿಚ್ಚರು?"

ಹೇಮಾ ನನ್ನ ಕಡೆ ನೋಡಿದಳು. ನಾನು ಕೈ ತೊಳೆದು ತಟ್ಟೆಯ ಮುಂದೆ ಕೂತೆ. "ಚೆನ್ನಾಗಿತ್ತು ಅತ್ತೆ. ಕೊನೆ ಮಾತ್ರ ಬದಲಾಯಿಸಿಬಿಟ್ಟಿದಾರೆ. ತಾಮರೈನ ಸಾಯಿಸ್ತಾರೆ."

ಅತ್ತೆ ನನ್ನ ಎದುರಿನ ಕುರ್ಚಿ ಎಳೆದುಕೊಂಡು, ನಾನು ಅಳಿಯನಾದ ಮೇಲೆ ಮೊದಲ ಸಲ, ಕೂತರು.

"ಪಾಪ," ಎಂದರು, "ಅವರ ಮನೇಲಿ ಯಾರೂ ಆಸ್ಪತ್ರೇಲಿ ಇರ್ಲಿಲ್ಲ ಅಂತ ಕಾಣತ್ತೆ."

ಮೊಸರನ್ನದ ಪಾತ್ರೆಯನ್ನು ನನ್ನ ಕಡೆ ಸರಿಸಿದರು. ಮಾವಿನ ಮಿಡಿಯೂ ಇತ್ತು.

ಆ ಸಿನಿಮಾ ಮೂಲಕ್ಕೆ ನಿಷ್ಠವಾಗಿಲ್ಲ ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಸೆಂದಿಲ್‌ಗೆ ಸೋಮವಾರವೇ ಹೇಳಿದ್ದೇನೆ.